ನೂಲಿನ ಕಾಟಾದ ಮ್ಯಾಲ ನಮ್ಮ ಪ್ರವಾಸದ ಬ್ಯಾಗು

ಖರೇ ಹೇಳ್ರಿ, ಪ್ರವಾಸಕ್ಕ ಹೊಂಟಾಗ ನಿಮ್ಮ ಬ್ಯಾಗ್ ಯಾರರ ಎಲ್ಲಾರ ಮುಂದ ಬಿಚ್ಚಿ, ಒಳಗಿನ ಅರಿವಿ ಒಂದೊಂದ ಎತ್ತಿ ಹಿಡದು, "ಇದ್ಯಾಕ? ಇದ್ಯಾಕ?" ಅಂತ ಕೇಳ್ಯಾರೇನ್ರಿ? ನನಗ ಕೇಳ್ಯಾರ. ಅದೂ ಮನ್ಯಾಗ ಅಲ್ಲ, ಮಗ್ಗದ ಶೆಡ್ಡಿನಾಗ, ನೂಲ ತೂಗೂ ಕಾಟಾದ ಮ್ಯಾಲ ಇಟ್ಟು.

ಡಿಸೆಂಬರ್ ಬಂತಂದ್ರ ಫೋನ್ ತುಂಬ ಬರೇ ಅದ ವಿಡಿಯೋ ಬರ್ತಾವ. ಸಣ್ಣ ಹುಡುಗರನ್ನ ಕರ್ಕೊಂಡ ಥಂಡ್ಯಾಗ ಹೊಂಟೀರೇನ್ರಿ? ಒಂದ ಬ್ಯಾಗ್ ಸಾಕು. ಅರಿವಿ ಹಿಂಗ ಸುತ್ರಿ, ಸ್ವೆಟರ್ ಹಂಗ ಮಡಚ್ರಿ. ಆ ವಿಡಿಯೋದಾಗಿನ ಬಾಯಾರ ಹುಡುಗರು ಗಾಡ್ಯಾಗ ಯಾವತ್ತರ ವಾಂತಿ ಮಾಡ್ಕೋತಾವೋ ಇಲ್ಲೋ, ನನಗ ಡೌಟ್ ಐತಿ. ಮೊನ್ನೆ ಅಂಥಾದ ಒಂದ ವಿಡಿಯೋ ನೋಡಿಕೋತ ಕುಂತಾಗ ತಲಿ ಕೆಟ್ಟು ಹೋತು. ಅದಕ್ಕ ಇದನ್ನ ಬರ್ಯಾಕತ್ತೇನಿ. ಉದ್ದ ಐತಿ, ಚಾ ಇಟ್ಕೊಂಡ ಕುಂಡ್ರಿ.

ಮೊದಲ ಮಂದಿ ಯಾರ್ಯಾರು ಅಂತ ಹೇಳಿಬಿಡ್ತೇನಿ. ನಾವ ಇರೂದು ಕೊಲ್ಹಾಪುರದಾಗ, ಫ್ಲ್ಯಾಟಿನಾಗ. ಗಂಡನ ಮನಿ ಇಚಲಕರಂಜಿ. ಅಲ್ಲೆ ನಮ್ಮ ಭಾವ, ಅಂದ್ರ ಗಂಡನ ಅಣ್ಣ, ಮಗ್ಗ ನಡಸ್ತಾರ. ಅವರ ಹೆಂಡ್ತಿ ನನ್ನ ನೆಗೆಣ್ಣಿ, ನಾ ಅಕಿಗಿ ಅಕ್ಕಾ ಅಂತೇನಿ. ಅವರಿಗಿ ಒಬ್ಬ ಮಗ, ಆಗ ನಾಕನೇತ್ತಾ, ಅಂದ್ರ ನಾಕನೇ ಕ್ಲಾಸಿನಾಗ ಇದ್ದ. ಅತ್ತಿ ಅವರ ಕೂಡನ ಇರ್ತಾರ. ನಾದ್ನಿನ್ನ ಗಡಹಿಂಗ್ಲಜಕ್ಕ ಕೊಟ್ಟೇವಿ. ನಮಗ ಎರಡು: ಮಗಳ ಆಗ ಒಂದನೇತ್ತಾ, ಮಗಗ ಮೂರ ವರ್ಷ. ಸಾಲಿ ಸೂಟಿ ಬಿಟ್ಟಿತ್ತು. ಇಚಲಕರಂಜಿಯಿಂದ ಎಲ್ಲಾರೂ ಕೂಡಿ ಒಂದ ಭಾಡಗಿ ಜೀಪಿನಾಗ ಹೊಂಡೂದು, ಒಂದ ದಿನ ನಾದ್ನಿ ಮನ್ಯಾಗ ಇರೂದು, ಮರುದಿನ ಅಲ್ಲಿಂದ ಅಂಬೋಲಿ ಘಾಟಿಗಿ ಹೋಗೂದು. ಇಷ್ಟ ಪ್ಲ್ಯಾನು.

ಈಗ ಮುಖ್ಯ ಮಾತು. ನನ್ನ ಮಗಳಿಗಿ ಆಗಿನ್ನೂ ಹಾಸಿಗ್ಯಾಗ ಉಚ್ಚಿ ಹೊಕ್ಕಿತ್ತು. ದಿನಾ ಅಲ್ಲ, ಆದ್ರ ಥಂಡಿ ಬಿದ್ದಾಗ ಭಾಳ. ಡಾಕ್ಟರು "ಏನೂ ರೋಗ ಇಲ್ಲ, ತಾನ ನಿಂದರತೈತಿ, ಬೈಬ್ಯಾಡ್ರಿ" ಅಂದಿದ್ರು. ನಾವ ಬೈತಿದ್ದಿಲ್ಲ. ಅಕಿನ ಮುಂಜಾನೆದ್ದ ಚಾದರ ಎಳಕೊಂಡ ಹೋಗಿ ಬಕೆಟ್ಟಿನಾಗ ಹಾಕಿ, ಕೈ ತೊಳಕೊಂಡ, ಏನೂ ಆಗಿಲ್ಲ ಅನ್ನೂವಂಗ ಹಾಲ ಕುಡ್ಯಾಕ ಬಂದ ಕುಂಡರ್ತಿದ್ಲು. ಅಷ್ಟ ಶಾಣ್ಯಾಕಿ. ಅಕಿಗಿ ಇದ್ದದ್ದು ಒಂದ ಹೆದರಿಕಿ. ಪ್ರವಾಸದ ಸುದ್ದಿ ಹೇಳಿದ ಕೂಡ್ಲೆ ಅಡಗಿ ಮನಿಗಿ ಬಂದು, ಬಾಗಲಾ ಅರ್ಧಾ ಮುಚ್ಚಿ ಕೇಳಿದ್ಲು:

"ಮಮ್ಮಿ, ದಾದಾಗ ಗೊತ್ತಾಗಂಗಿಲ್ಲಲಾ?"

ದಾದಾ ಅಂದ್ರ ಭಾವನ ಮಗ. ಅವನ ಅಂದ್ರ ಇಕಿಗಿ ಜೀವಾ. ಅವಾ ಬ್ಯಾಟ್ ಹಿಡದ್ರ ಇಕಿ ಚೆಂಡ ತರಾಕಿ. ಅವಾ ಹ್ಯಾ ಅಂದ್ರ ಇಕಿ ಎರಡ ದಿನ ಮಬ್ಬ ಹಿಡದಾಂಗ ಕುಂಡ್ರಾಕಿ. ಆ ಹುಡುಗ ಯಾರ ಹಲ್ಲ ಬಿದ್ರೂ, ಯಾರ ಮಾರ್ಕ್ಸ್ ಕಡಿಮಿ ಬಿದ್ರೂ ಹೆಸರ ಇಡೂದ್ರಾಗ ಪಕ್ಕಾ ಇದ್ದ.

"ಗೊತ್ತಾಗಂಗಿಲ್ಲ," ಅಂದ್ನಿ. "ನಾ ಅದೇನಲಾ."

ಬ್ಯಾಗ್ ನಾನ ತುಂಬಿದ್ನಿ. ನಾಕ ಮಂದಿಗಿ ಒಂದ ಬ್ಯಾಗು, ನೋಡ್ಕೋರಿ ಮತ್ತ. ನಂದ ಎರಡ ಸೀರಿ, ಮನಿಯವರದ ಒಂದ ಪ್ಯಾಂಟು, ಹುಡುಗರ ಅರಿವಿ, ಸ್ವೆಟರು, ಟೊಪ್ಪಿಗಿ. ತಳದಾಗ ಟಾವೆಲ್ಲಿನಾಗ ಸುತ್ತಿ ಒಂದ ರಬ್ಬರ್ ಶೀಟು. ಅದರ ಮ್ಯಾಲ ಮಗಳ ಚಡ್ಡಿ ಲಂಗಾ ಬೇಕಾದಷ್ಟು. ಚೈನ್ ಹಾಕಿ ನೋಡಿದ್ನಿ, ಹೊರಗಿಂದ ಏನೂ ಕಾಣ್ತಿದ್ದಿಲ್ಲ. ಛಲೋ ಆತು ಅಂದ್ಕೊಂಡ್ನಿ.

ಇಚಲಕರಂಜಿಗಿ ಹೋಗಿ ಇಳೀತಿದ್ದಾಂಗನ ಭಾವ, "ಬ್ಯಾಗ್ ಶೆಡ್ಡಿಗಿ ತರ್ರಿ" ಅಂದ್ರು.

ನಮ್ಮ ಭಾವನ ಬಗ್ಗೆ ಒಂದ ಹೇಳಬೇಕು. ಅವರ ಧಂದೇನ ತೂಕದ್ದು. ವ್ಯಾಪಾರಿ ನೂಲ ತೂಗಿ ಕೊಡ್ತಾನ, ಇವರು ಅರಿವಿ ನೇಯ್ದು ತೂಗಿ ಕೊಡ್ತಾರ, ನಡುವ ಏನ ಕಡಿಮಿ ಬಿತ್ತೋ ಅದು ಇವರ ತಲಿಗಿ. ಹಿಂಗಾಗಿ ಕಣ್ಣಿಗಿ ಕಂಡದ್ದೆಲ್ಲಾ ಕಾಟಾದ ಮ್ಯಾಲ ಇಡೂ ಚಾಳಿ ಬಿದ್ದೈತಿ. ಮಗನ ಹುಟ್ಟಹಬ್ಬದ ಕೇಕ್ ಸುದ್ದಾ ತೂಗಿ, ಅಂಗಡಿಯವಗ ಫೋನ್ ಮಾಡಿ ಜಗಳಾ ತಗದಾವರು. ಅವತ್ತ ಅವರ ನಿಯಮ ಏನಂದ್ರ, ಒಂದ ಸಂಸಾರಕ್ಕ ಒಂದ ಬ್ಯಾಗು, ಅದೂ ಎಂಟ ಕಿಲೋದಾಗ.

ಯಾಕಂದ್ರ ಜೀಪಿನ ಮ್ಯಾಲಿನ ಕ್ಯಾರಿಯರ್ ಪೂರ್ತಿ ಅತ್ತಿ ಡಬ್ಬಿಗಿ ಬೇಕಾಗಿತ್ತು. ನಮ್ಮದ ಜೈನರ ಮನಿ. ಅತ್ತಿ ಹೊರಗಿಂದ ಒಂದ ತುತ್ತ ಮುಟ್ಟಂಗಿಲ್ಲ. ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ, ಹೊತ್ತ ಮುಳುಗಿದ ಮ್ಯಾಲ ಊಟ ಇಲ್ಲ, ನೀರೂ ಇಲ್ಲ. ಅದಕ್ಕ ಚಪಾತಿ ಡಬ್ಬಿ, ಶೇಂಗಾ ಹೋಳಿಗಿ ಡಬ್ಬಿ, ಚಿವಡಾ, ಲಾಡು, ಚಟ್ನಿ, ಮ್ಯಾಲ ಗಾಳಿಸಿದ ನೀರಿನ ಕ್ಯಾನು. ಒಂದ ಲಗ್ನದ ಪಂಗತಿ ಎಬ್ಬಿಸಬಹುದು ಅದರಾಗ.

"ಡಬ್ಬಿ ತೂಗಂಗಿಲ್ಲೇನ್ರಿ ಭಾವಾರ?" ಅಂತ ಕೇಳಿದ್ನಿ.

"ಧರ್ಮದ ಸಾಮಾನ ತೂಗಬಾರದ ತಂಗಿ."

ಅವರ ಮಗನ ಬ್ಯಾಗಿನಾಗಿಂದ ಬ್ಯಾಟಿನ ಹಿಡಕಿ ಹೊರಗ ಬಂದಿತ್ತು. ಅದೂ ತೂಕದಾಗ ಬರಂಗಿಲ್ಲಂತ. ಅದು ಹುಡುಗನ ಆಟದ ಸಾಮಾನು.

ನಮ್ಮ ಬ್ಯಾಗ್ ಇಟ್ಟ ಕೂಡ್ಲೆ ಕಾಟಾ ಹತ್ತರ ಸಮೀಪ ಹೋತು. ಭಾವ ತಲಿ ಅಳ್ಳಾಡಿಸಿದ್ರು. "ಒಂದ ಕೋನ ಜಾಸ್ತಿ ಐತಿ. ತಗೀ." ಅವರ ಲೆಕ್ಕೆಲ್ಲಾ ನೂಲ ಸುತ್ತಿದ ಕೋನಿಂದ, ಒಂದಂದ್ರ ಎರಡ ಕಿಲೋ ಸಮೀಪ.

"ಒಂದ ಕೋನಿಗಿ ಏನ ಆಕ್ಕೈತ್ರಿ?"

"ನಿನಗೊಂದ ಬಿಟ್ರ ಎಲ್ಲಾರಿಗೂ ಬಿಡಬೇಕಾಕ್ಕೈತಿ."

ಅಕ್ಕಾ ಮುಂದ ಬಂದು ಚೈನ್ ಜಗ್ಗಿದ್ಲು. ಆಗೂದ ಏನಂದ್ರ, ಶೆಡ್ಡಿನಾಗ ಮಗ್ಗ ಖಟಾಖಟಾ ನಡದಿರ್ತಾವ, ಅಲ್ಲೆ ಯಾರೂ ಮೆಲ್ಲಕ ಮಾತಾಡಾಕ ಬರಂಗಿಲ್ಲ. ಎಲ್ಲಾ ಚೀರೇ ಹೇಳಬೇಕು. ಅಕ್ಕಾ ಒಂದ ಕೈಯಾಗ ಶೀಟ್ ಎತ್ತಿ ಹಿಡದ ಚೀರಿದ್ಲು: "ಇದೇನ ರಬ್ಬರ್ ಶೀಟು? ದವಾಖಾನಿದ ಐತೇನ?"

ಮಗ್ಗದ ಮ್ಯಾಲಿನ ಮಂದೀನೂ ತಿರುಗಿ ನೋಡಿದ್ರು. ನನ್ನ ಕೈ ಹಿಡಕೊಂಡ ನಿಂತ ಮಗಳ ಉಗುರ ನನ್ನ ಅಂಗೈಯಾಗ ನಟ್ಟು.

"ಅಂಬೋಲ್ಯಾಗ ಹುಲ್ಲಿನ ಮ್ಯಾಲ ಕುಂಡ್ರಾಕ," ಅಂತ ನಾನೂ ಚೀರಿದ್ನಿ.

"ಹುಲ್ಲಿನ ಮ್ಯಾಲ ಕುಂಡ್ರಾಕ ರಬ್ಬರ್ ಬೇಕೇನ?" ಭಾವ ನಕ್ರು. "ಎಮ್ಮಿ ಸುದ್ದಾ ಬರೇ ಹುಲ್ಲಿನ ಮ್ಯಾಲ ಕುಂಡರ್ತೈತಿ, ನಮಗೇನ ಆಕ್ಕೈತಿ. ತಗದಿಡ ಅದನ್ನ."

"ಏ, ಇಲ್ಲಿ ನೋಡ್ರಿ! ಎರಡ ದಿನಕ್ಕ ಎಷ್ಟ ಚಡ್ಡಿ! ಅಂಬೋಲ್ಯಾಗ ಅಂಗಡಿ ಹಾಕ್ತೀಯೇನ ತಂಗಿ?" ಅಕ್ಕಾ ಒಂದೊಂದ ಎತ್ತಿ ನೂಲಿನ ಚೀಲದ ಮ್ಯಾಲ ಒಗದ್ಲು. ಮಗಳ ಪಾಲಿಗಿ ಉಳದದ್ದು ಮೈಮ್ಯಾಲ ಇದ್ದದ್ದೊಂದು, ಬ್ಯಾಗಿನಾಗ ಒಂದು, ಸ್ವೆಟರು. ಕಾಟಾ ಎಂಟಕ್ಕ ಬಂದ ನಿಂತು. ಭಾವಗ ಸಮಾಧಾನ ಆತು.

ನನ್ನ ಗಂಡಗ ಎಲ್ಲಾ ಗೊತ್ತಿತ್ರಿ. ಮನ್ಯಾಗ ಚಾದರ ಒಣಾಕ ಹಾಕಾವರು ಅವರ. ಅವರ ಕಡೆ ನೋಡಿದ್ನಿ. ಅವರು ಫೋನ್ ನೋಡಿಕೋತ, "ತಗದಬಿಡ, ಯಾಕ ಸುಮ್ಮನ ವಾದಾ" ಅಂದ್ರು.

ಗಾಡಿ ಹತ್ತಿದ ಮ್ಯಾಲ ನಾ ತಲಿ ಓಡಿಸಿದ್ನಿ. ಶೀಟ್ ಹೋತು, ಅರಿವಿ ಹೋದು. ಉಳದದ್ದ ಒಂದ ದಾರಿ, ನೀರ. ಅತ್ತಿ ಮಾಡೂವಂಗ ಹೊತ್ತ ಮುಳುಗಿದ ಮ್ಯಾಲ ಒಂದ ಗುಟುಕೂ ಕುಡೀಲಿಲ್ಲಂದ್ರ ಮುಗೀತಲಾ! ಮಗಳ ಕಿವ್ಯಾಗ ಹೇಳಿದ್ನಿ. ಅಕಿ ಪಟ್ನ ತಿಳಕೊಂಡ್ಲು. ನನ್ನ ತೊಡಿ ಮ್ಯಾಲಿಂದ ಜಿಗದ ಅತ್ತಿ ಕಡೆ ಹೋಗಿ, "ಆಯಿ, ನಾನೂ ಇವತ್ತ ಹೊತ್ತ ಮುಳುಗಿದ ಮ್ಯಾಲ ಊಟ ಮಾಡಂಗಿಲ್ಲ, ನೀರೂ ಕುಡ್ಯಂಗಿಲ್ಲ" ಅಂದ್ಲು.

ಅತ್ತಿ ಕರಗಿ ನೀರಾದ್ರು. "ನೋಡ್ರಿ ನನ್ನ ಬಂಗಾರನ್ನ! ಕೊಲ್ಹಾಪುರದಾಗ ಇದ್ದ ಸುದ್ದಾ ಕೆಟ್ಟಿಲ್ಲ ಕೂಸು!" ಅಂತ ಎದಿಗಿ ಅವಚ್ಕೊಂಡ್ರು. ಕೆಟ್ಟಾವರು ಯಾರು ಅಂತ ಹೇಳಲಿಲ್ಲ, ಆದ್ರ ನನ್ನ ಕಡೆ ನೋಡಿದ್ರು.

ನಿಪ್ಪಾಣಿ ದಾಟೂತನಾ ಬರೇ ಕಬ್ಬಿನ ಟ್ರ್ಯಾಕ್ಟರು. ಎರಡೆರಡ ಟ್ರಾಲಿ, ಮುಂದ ದೊಡ್ಡದಾಗಿ ಹಾಡ, ಹಿಂದ ನಾವ. ಡ್ರೈವರ್ ಬ್ರೇಕ್ ಹಾಕಿ ಹಾಕಿ ಸಣ್ಣಾವಗ ಹೊಟ್ಟಿ ತೊಳಸಿತು. ಭಕ್ ಅಂತ ವಾಂತಿ ಮಾಡಿದ. ನನ್ನ ಮ್ಯಾಲ ಮಾಡಿದ್ರ ಏನೂ ಆಗ್ತಿದ್ದಿಲ್ಲ. ಪೂರ್ತಿ ಅಕ್ಕನ ಮ್ಯಾಲ, ಅಂದ್ರ ನನ್ನ ಮಗಳ ಮ್ಯಾಲ. ಮೈಮ್ಯಾಲಿನ ಲಂಗಾ, ಚಡ್ಡಿ, ಸ್ವೆಟರಿನ ತೋಳ, ಎಲ್ಲಾ ಹೋದು. ದಾರ್ಯಾಗ ಇಳಿಸಿ ತೊಳದು, ಬ್ಯಾಗಿನಾಗಿಂದ ಇನ್ನೊಂದ ತೊಡಿಸಿದ್ನಿ. ಹೊಸಾ ಅರಿವ್ಯಾಗ ಅಕಿ ಬಂದ ಕುಂತಾಗ ಬ್ಯಾಗಿನಾಗ ಅಕಿದ ಅಂತ ಒಂದ ಚಿಂದಿ ಉಳದಿದ್ದಿಲ್ಲ.

"ಬ್ಯಾಗ್ ಹಗರಾತು," ಅಂದ್ರು ಭಾವ. ಚ್ಯಾಷ್ಟಿ ಮಾಡಿದ್ರು. ಎಲ್ಲಾರೂ ನಕ್ರು.

ಗಡಹಿಂಗ್ಲಜಕ್ಕ ಹೋಗೂದ್ರಾಗ ಸಂಜಿ ಆಗಾಕ ಬಂದಿತ್ತು. ನಾದ್ನಿ ಊಟಕ್ಕ ತಯಾರ್ ಇಟ್ಟಿದ್ಲು. ಅಕಿ ಅತ್ತಿ, ಅಂದ್ರ ನಮ್ಮ ಅತ್ತಿ ಬೀಗತಿ, ಪಡಸಾಲ್ಯಾಗ ಕುಂತ ಬರ್ರಿ ಬರ್ರಿ ಅಂದ್ರು. ಈ ಇಬ್ಬರ ಮುದುಕೇರ ನಡುವ ಯಾವತ್ತೂ ಒಂದ ಪಂದ್ಯಾ ನಡದಿರ್ತೈತಿ, ಯಾರ ಮನ್ಯಾಗ ನೇಮ ಜಾಸ್ತಿ ಅಂತ. ನಮ್ಮ ಅತ್ತಿ ಚಪ್ಪಲ್ ಬಿಡೂದ್ರಾಗನ ಸುರು ಮಾಡಿದ್ರು.

"ನಮ್ಮ ಮೊಮ್ಮಗಳ ನೋಡ್ರಿ ಬೀಗತ್ಯಾರ, ಇಷ್ಟ ಸಣ್ಣದೈತಿ, ಹೊತ್ತ ಮುಳುಗಿದ ಮ್ಯಾಲ ನೀರೂ ಒಲ್ಲೆ ಅಂತೈತಿ."

"ಹೌದ್ರಿ? ಛಲೋ ಆತು," ಅಂದ್ರು ಅವರು. "ನಮ್ಮ ಹುಡುಗರಿಗಿ ಇದೆಲ್ಲಾ ಹೇಳೂದ ಬೀಳಂಗಿಲ್ರಿ. ಹುಟ್ಟಿದಾಗಿಂದ ಹಂಗ ಅದಾವ."

ಅತ್ತಿ ಮಾರಿ ಗಂಟಾತು. ಆ ಸಿಟ್ಟಿನಾಗ ಮೊಮ್ಮಗಳ ಮ್ಯಾಲಿನ ಪ್ರೀತಿ ಇನ್ನೂ ಉಕ್ಕಿತು ಕಾಣ್ತೈತಿ. ಊಟ ಆಗಿ ಹಾಸಿಗಿ ಹಾಸೂ ಹೊತ್ತಿಗಿ, "ಇವತ್ತ ನನ್ನ ಬಂಗಾರ ನನ್ನ ಹಂತೇಕ ಮಲಗ್ತೈತಿ" ಅಂದ್ರು.

ನಾ ಮೊದಲ ಬ್ಯಾರೇ ಬಂದೋಬಸ್ತ ಮಾಡಿದ್ನಿ. ನಾ ಏನ ಮಾಡಿದ್ನೆಪಾ ಅಂದ್ರ, ಮಗಳಿಗಿ ಪಡಸಾಲಿ ಮೂಲ್ಯಾಗ ನನ್ನ ಬಾಜೂ ಹಾಸಿ, ಕೆಳಗ ನನ್ನ ಶಾಲ್ ಮಡಚಿ ಇಟ್ಟಿದ್ನಿ. ನಡುವ ಎಬ್ಬಿಸಿ ಕರ್ಕೊಂಡ ಹೋಗೂದ ಅಂತ ಮಾಡಿದ್ನಿ.

"ಅಕಿ ಭಾಳ ಒದೀತಾಳ್ರಿ ಅತ್ತಿ. ನಿಮಗ ನಿದ್ದಿ ಹತ್ತಂಗಿಲ್ಲ."

"ಒದೀಲಿ. ನೀ ಏನ ಅಕಿನ್ನ ಗುತ್ತಗಿ ಹಿಡದೀಯೇನ?"

ಮಗಳ ನನ್ನ ಕಡೆ ನೋಡಿದ್ಲು. ದಾದಾ ಅಲ್ಲೇ ನಿಂತಿದ್ದ. ಬಾಯಿ ಬಿಟ್ಟ ಹೇಳಾಕ ಬರ್ತಿದ್ದಿಲ್ಲ, ಹೇಳಲಿಲ್ಲಂದ್ರೂ ನಡೀತಿದ್ದಿಲ್ಲ. ಅತ್ತಿ ಅಕಿ ಕೈ ಹಿಡದ ಒಳಗಿನ ಖೋಲಿಗಿ ಕರ್ಕೊಂಡ ಹೋದ್ರು. ಅಲ್ಲೆ ಬೀಗತಿ ಕಪಾಟಿನಾಗಿಂದ ತಗದ ಹೊಸಾ ಗಾದಿ ಹಾಸಿತ್ತು, ಬಿಳೇ ಚಾದರ. ಥಂಡಿ ಬರ್ತೈತಂತ ಬಾಗಲಾ ಮುಚ್ಚಿದ್ರು. ನನಗಿದ್ದ ಒಂದ ಧೈರ್ಯ, ಸಂಜಿಯಿಂದ ಹುಡುಗಿ ಒಂದ ಹನಿ ಕುಡದಿಲ್ಲ ಅನ್ನೂದು.

ಮುಂಜಾನೆ ಅಂಗಳದಾಗ ಗದ್ದಲಾ ಕೇಳಿ ಎದ್ನಿ.

ಆದದ್ದ ಇಷ್ಟು. ಅತ್ತಿ ದರ್ಶನಕ್ಕಂತ ಬಸ್ತಿಗಿ ಹೋಗಾಕ ಲಗೂನ ಎದ್ದಾರ. ಹಾಸಿಗಿ ಮುಟ್ಟಿ ನೋಡ್ಯಾರ. ಏನ ಮಾಡಬೇಕು ಅನ್ನೂದ್ರಾಗ ಬೀಗತಿ ಒಳಗ ಬಂದಾರ. ಗಾದಿ ನೋಡ್ಯಾರ, ಅತ್ತಿನ್ನ ನೋಡ್ಯಾರ, ಹೊಚ್ಕೊಂಡ ಮಲಗಿದ್ದ ಹುಡಿಗಿನ್ನ ನೋಡಿಲ್ಲ. ಭಾಳ ಮೆತ್ತಗ, ಭಾಳ ಸಕ್ಕರಿ ಹಾಕಿ ಅಂದಾರ: "ಇರ್ಲಿ ಬಿಡ್ರಿ, ಮನಸಿಗಿ ಹಚ್ಕೋಬ್ಯಾಡ್ರಿ. ವಯಸ್ಸಾದ ಮ್ಯಾಲ ಹಿಂಗ ಆಗ್ತೈತಿ. ನಮ್ಮ ಅತ್ತಿಗೂ ಕಡೀಕ ಹಿಂಗ ಆಗಿತ್ತು."

ಇಡೀ ಜನ್ಮದಾಗ ನಮ್ಮ ಅತ್ತಿಗಿ ಯಾರೂ ಅಂಥಾ ಮಾತ ಅಂದಿದ್ದಿಲ್ಲ. ನಾ ಹೊರಗ ಬರೂದ್ರಾಗ ಅವರು ಮಗಳ ರಟ್ಟಿ ಹಿಡದ ಅಂಗಳದ ನಟ್ಟ ನಡುವ ನಿಲ್ಲಿಸಿದ್ರು. ಬಾಯಿಂದ ಹೊಗಿ ಬರೂವಂಥಾ ಥಂಡಿ. ಹುಡಿಗಿ ಕಣ್ಣ ಪೂರ್ತಿ ತಗದಿದ್ದಿಲ್ಲ.

"ನನ್ನ ಸೀರಿ ಮುಟ್ರಿ ಬೀಗತ್ಯಾರ! ಮುಟ್ಟಿ ನೋಡ್ರಿ, ಒಣಗೈತಿ! ಇಕಿ ಲಂಗಾ ನೋಡ್ರಿ ಈಗ!" ಅಂತ ಅಕಿನ್ನ ಹಿಂದ ಮುಂದ ತಿರುಗಿಸಿ ತೋರ್ಸಿದ್ರು. "ಇಲ್ಲಿಂದ ಇಲ್ಲಿತನಾ ಹಸಿ! ಹಿಂಡ್ರಿ ಬೇಕಾರ! ನಂದಲ್ಲ ಇದು, ಇಕಿದು!"

"ಅಯ್ಯ, ನಾ ಏನರ ಅಂದ್ನೇನ್ರಿ?" ಅಂದ್ರು ಬೀಗತಿ.

"ಅನ್ನಲಿಲ್ಲ? ವಯಸ್ಸಾತು ಅಂತ ಅನ್ನಲಿಲ್ಲ?"

ನಾದ್ನಿ, ಅವಳ ಗಂಡ, ಭಾವ, ಅಕ್ಕಾ, ಡ್ರೈವರ್ ಸುದ್ದಾ, ಎಲ್ಲಾರೂ ಬಂದ ನಿಂತ್ರು. ನಳದ ಹಂತೇಕ ದಾದಾ ಹಲ್ಲ ತಿಕ್ಕಾಕತ್ತಿದ್ದ. ಬಾಯಿ ತುಂಬ ಬುರುಗು. ಅದನ್ನ ಪಚಕ್ನ ಉಗುಳಿ ಮರಾಠ್ಯಾಗ ಚೀರಿದ: "ರಾಧಾನಗರಿಚಂ ದಾರ್ ಉಘಡ್ಲಂ ರೇ!"

ನಮ್ಮ ಕಡೆ ಮಂದಿಗಿ ಬಿಡಿಸಿ ಹೇಳೂದ ಬ್ಯಾಡ. ಹೊರಗಿನಾವರಿಗಿ ಹೇಳ್ತೇನಿ: ರಾಧಾನಗರಿ ಬಾಗಲಾ ತಗೀತೋ ಅಂದ. ರಾಧಾನಗರಿ ಅಂದ್ರ ಧರಣ, ಡ್ಯಾಮು. ಮಳಿಗಾಲದಾಗ ತುಂಬಿತಂದ್ರ ಅದರ ಬಾಗಲಾ ತಾವ ತಗೀತಾವ. ಬಾಗಲಾ ತಗದ ದಿನ ಟಿವ್ಯಾಗ ಅದ ಸುದ್ದಿ, ವಾಟ್ಸಪ್ಪಿನಾಗ ಅದ ಸುದ್ದಿ. ಹುಡುಗ ಅದನ್ನ ಎತ್ತಿ ಇವಳ ಮ್ಯಾಲ ಒಗದ. ಛಲೋ ಜೋಕ್ ಐತಿ, ಹೌದಲ್ಲ? ಭಾವ ನಕ್ರು. ಡ್ರೈವರ್ ನಕ್ಕ. ಅಕ್ಕಾ ಸೆರಗ ಬಾಯಿಗಿ ಹಿಡದ ನಕ್ಳು. ನನ್ನ ಗಂಡನ ತುಟಿ ಕೂಡ ಹಿಂಗ ಅಳ್ಳಾಡಿತು, ನಾ ನೋಡೇನಿ.

ಮಗಳ ಅಳಲಿಲ್ಲ. ದಾದಾನ ಕಡೆ ನೋಡಿದ್ಲು, ಆಮ್ಯಾಲ ನನ್ನ ಕಡೆ ನೋಡಿದ್ಲು. "ನಾ ಅದೇನಲಾ" ಅಂತ ನಾ ಹೇಳಿದ್ದ ಮಾತ ಅಕಿಗಿ ನೆನಪಿತ್ತೋ ಏನೋ. ನನಗ ಇತ್ತು.

ನಾ ಓಡಿ ಶಾಲ್ ಸುತ್ತಿ ಎತ್ಕೊಂಡ್ನಿ. "ನೀರ ಯಾರ ಕೊಟ್ರಿ ಇಕಿಗಿ?" ಅಂತ ಕೇಳಿದ್ನಿ.

"ನೀರಲ್ಲ, ಹಾಲ," ಅಂದ್ರು ಅತ್ತಿ. ದನಿ ಒಂದ ಸ್ವಲ್ಪ ಇಳೀತು. "ರಾತ್ರಿ ಮಲಗಿದ ಮ್ಯಾಲ ಚಟ್ನಿ ಖಾರಕ್ಕ ಕೆಮ್ಮಾಕತ್ತಿತ್ತು ಕೂಸು. ನೇಮ ಮುರದ್ರ ಪಾಪ ನನಗ ಬರ್ಲಿ ಅಂತ ಒಂದ ದೊಡ್ಡ ಲೋಟಾ ಬಿಸಿ ಹಾಲ ಕುಡಿಸಿದ್ನಿ. ಒಲ್ಲೆ ಒಲ್ಲೆ ಅಂತು. ನಾನ ಬಾಯಿಗಿ ಹಚ್ಚಿದ್ನಿ."

ಆ ಇಡೀ ಪ್ರವಾಸದಾಗ ಯಾರರ ಯಾರ ಮ್ಯಾಲರ ಖರೇ ಅಂತಃಕರಣ ತೋರ್ಸಿದ್ರು ಅಂದ್ರ ಅದೊಂದ ಲೋಟಾ ಹಾಲ. ಅದರಿಂದನ ಆತು ಇದೆಲ್ಲಾ.

ನಾದ್ನಿ ಬಚ್ಚಲದಾಗ ಬಿಸಿ ನೀರ ಬಿಟ್ಟ ಕೊಟ್ಟು, "ವೈನಿ, ನನಗ ಮೊದಲ ಹೇಳಬಾರದೇನ್ರಿ? ಹಳೇ ಗಾದಿ ಹಾಸ್ತಿದ್ನಿ" ಅಂದ್ಲು. ಪಾಪ, ಅಕಿಗಿ ಸಂಜಿತನಾ ಅವರ ಅತ್ತಿ ಕಡಿಂದ ಅದ ಗಾದಿ ಮಾತ ಕೇಳೂದಿತ್ತು. ಅಕಿ ಮ್ಯಾಲ ನನಗ ಸಿಟ್ಟ ಇಲ್ಲ.

ಎರಕೊಂಡ ಬಂದ ಹುಡಿಗಿಗಿ ತೊಡಿಸಾಕ ಅರಿವಿ ಇಲ್ಲ. ವಾಂತಿದ್ದು ಇನ್ನೂ ಹಸಿ. ನಾದ್ನಿಗಿ ಹುಡುಗರಿಲ್ಲ, ಅವರ ಮೈದುನನ ಹುಡುಗರು ತಾಯಿ ಊರಿಗಿ ಹೋಗಿದ್ದು. ಅಕ್ಕನ ಹಂತೇಕ ಹೋಗಿ, ದಾದಾನ ಒಂದ ಪ್ಯಾಂಟ್ ಕೊಡ ಅಂದ್ನಿ. ಹುಡುಗ ಅಲ್ಲಿಂದನ ಒದರಿದ, "ಅಕಿ ಹಾಕ್ಕೊಂಡ್ರ ನಾ ಮತ್ತ ಹಾಕ್ಕೋಳಂಗಿಲ್ಲ! ವಾಸನಿ ಬರ್ತೈತಿ!"

"ಕೊಡ್ತೇನ ತಗೋ," ಅಂದ್ಲು ಅಕ್ಕಾ, ಪ್ಯಾಂಟ್ ಎರಡ ಬೆರಳಲೆ ಹಿಡದು. "ಆದ್ರ ಒಳಗ ಒಂದ ಕ್ಯಾರಿಬ್ಯಾಗ್ ಕಟ್ಟ. ಹೊಸಾದೈತಿ ಅದು."

ಟಾವೆಲ್ ಸುತಗೊಂಡ ನಿಂತ ಮಗಳ ಮುಂದನ ಅಂದ್ಲ್ರಿ. ಒಂದನೇತ್ತದ ಹುಡಿಗಿಗಿ ತಿಳ್ಯಂಗಿಲ್ಲ ಅಂತ ಮಾಡ್ಯಾರೋ ಏನೋ. ಎಲ್ಲಾ ತಿಳೀತೈತಿ.

ಚಾ ಆದ ಮ್ಯಾಲ ಭಾವ ಜೀಪಿನ ಹಂತೇಕ ಪಂಚಾಯ್ತಿ ಹೂಡಿದ್ರು. ಡ್ರೈವರ್, ಸೀಟ್ ಹಾಳಾದ್ರ ಮಾಲಕ ಬೈತಾನ ಅಂದಿದ್ನಂತ.

"ಸೀಟಿನ ಮ್ಯಾಲ ಏನರ ಹಾಸಬೇಕಲ್ಲ?" ಅಂದ್ರು.

"ಹಾಸಾಕನ ತಂದಿದ್ನೆಲ್ರಿ," ಅಂದ್ನಿ. "ನೀವ ಕಾಟಾದ ಮ್ಯಾಲಿಂದ ಇಳಿಸಿದ್ರಿ."

"ಮೊದಲ ಹೇಳಬೇಕಿಲ್ಲೇನ ಹಿಂಗೈತಿ ಅಂತ?"

"ಹೇಳಿದ್ರ ಏನ ಮಾಡ್ತಿದ್ರಿ?"

"ಮನ್ಯಾಗ ಬಿಟ್ಟ ಬರ್ತಿದ್ವಿ."

"ಶೀಟ?"

"ಹುಡಿಗಿನ್ನ."

ಸಹಜ ಅಂದ್ರು. ನೂಲಿನ ಚೀಲಾ ಬಿಟ್ಟ ಬರ್ತಿದ್ವಿ ಅಂದಂಗ. ಆಮ್ಯಾಲ ನನಗ ಒಂದ ಸವಲತ್ತ ಕೊಡೂವಂಗ, "ಈಗೂ ಏನ ಆಗಿಲ್ಲ. ನಾವ ಅಂಬೋಲಿ ನೋಡಿ ಬರೂತನಾ ಇಲ್ಲೇ ನಿನ್ನ ನಾದ್ನಿ ಮನ್ಯಾಗ ಇರ್ಲಿ ಅಕಿ" ಅಂದ್ರು.

ಬೀಗತಿ ಪಡಸಾಲ್ಯಾಗಿಂದನ ಕೇಳಸ್ಕೊಂಡ್ರು. "ಇರ್ಲಿ ಅಂತಿದ್ನ್ರಿ, ನಮ್ಮದ ಏನ ಹೋಕ್ಕೈತಿ. ಆದ್ರ ಇನ್ನೊಂದ ಗಾದಿ ಇಲ್ಲ ನಮ್ಮಲ್ಲಿ."

ನಾ ಬ್ಯಾಗಿನಾಗಿಂದ ಒಂದ ಸೀರಿ ತಗದು, ವಾಂತಿ ಅರಿವಿ ಅದರಾಗ ಕಟಗೊಂಡ್ನಿ. ಮಗಳಿಗಿ ದಾದಾನ ಪ್ಯಾಂಟಿನ ಕಾಲ ಮ್ಯಾಲ ಮಡಚಿದ್ನಿ. ಕ್ಯಾರಿಬ್ಯಾಗ್ ಕಟ್ಟಲಿಲ್ಲ. "ನಾವ ಇಲ್ಲಿಂದ ಕೊಲ್ಹಾಪುರಕ್ಕ ಹೋಕ್ಕೇವಿ," ಅಂದ್ನಿ.

ಮನಿಯವರು ನನ್ನ ಬಾಜೂಕ ಕರದ್ರು. "ಒಂದ ಚಡ್ಡಿ ಸಲುವಾಗಿ ಪ್ರವಾಸ ಬಿಡ್ತೀಯೇನ? ದೊಡ್ಡದ ಮಾಡಬ್ಯಾಡ. ಹುಡುಗರು ಎರಡ ದಿನದಾಗ ಮರೀತಾವ."

"ನೀವ ಬರ್ತೀರೋ ಇಲ್ಲೋ?"

ಅವರು ಜೀಪ್ ನೋಡಿದ್ರು, ಅಣ್ಣನ್ನ ನೋಡಿದ್ರು. "ಎಲ್ಲಾರೂ ಇಳದ್ರ ಛಲೋ ಕಾಣಂಗಿಲ್ಲ," ಅಂದ್ರು. "ಸಣ್ಣಾವನ್ನ ನಾ ನೋಡ್ಕೋತೇನಿ. ಅವಗ ಮಂಗ್ಯಾ ತೋರ್ಸತೇನಿ ಅಂದೇನಿ."

"ನೋಡ್ಕೋರಿ. ಅವಾ ಮಾಡ್ಕೊಂಡ್ರ ಯಾರೂ ಏನೂ ಅನ್ನಂಗಿಲ್ಲ."

ಅಷ್ಟ ನಮ್ಮ ಮಾತು. ಜೀಪ್ ನಮ್ಮನ್ನ ಎಸ್‌ಟಿ ಸ್ಟ್ಯಾಂಡಿನ ಮುಂದ ಇಳಿಸಿತು, ಕೆಳಗ ಇಳ್ಯೂತನಾ ಮಗಳನ್ನ ನನ್ನ ತೊಡಿ ಮ್ಯಾಲಿಂದ ಸೀಟಿಗಿ ಇಳಿಸಾಕ ಬಿಡಲಿಲ್ಲ ಅಕ್ಕಾ. ಗಾಡಿ ಹೋಗೂ ಮುಂದ ಹಿಂದಿನ ಕಾಚಿನ ಕಿಟಕ್ಯಾಗ ದಾದಾ ಎರಡೂ ಕೈ ಮ್ಯಾಲ ಎತ್ತಿ, ಬಾಗಲಾ ತಗದಾಂಗ ಮಾಡಿ ತೋರ್ಸಿದ. ಮಗಳ ಅದನ್ನ ಪೂರ್ತಿ ನೋಡಿದ್ಲು, ಗಾಡಿ ತಿರುವಿನಾಗ ಹೋಗೂತನಾ.

ಬಸ್ಸಿನಾಗ ಕಿಟಕಿ ಕಡೆ ಕುಂತ್ಲು. ಸಂಕೇಶ್ವರ ದಾಟಿದ ಮ್ಯಾಲ ಕೇಳಿದ್ಲು, "ಮಮ್ಮಿ, ದಾದಾ ಸಾಲ್ಯಾಗ ಹೇಳ್ತಾನೇನ?"

"ಅವನ ಸಾಲಿ ಇಚಲಕರಂಜ್ಯಾಗ ಐತಿ. ನಿಂದ ಕೊಲ್ಹಾಪುರದಾಗ."

ಸ್ವಲ್ಪ ವಿಚಾರ ಮಾಡಿದ್ಲು. "ಹಂಗಾರ ಅಡ್ಡಿ ಇಲ್ಲ," ಅಂದ್ಲು.

ಮನಿ ಮುಟ್ಟೂತನಾ ನೀರ ಕುಡೀಲಿಲ್ಲ. ಬಾಟ್ಲಿ ಮುಂದ ಹಿಡದ್ನಿ, ತುಟಿ ಒಡದಿದ್ದು. ಒಲ್ಲೆ ಅಂತ ಮಾರಿ ಆ ಕಡೆ ತಿರುವಿದ್ಲು.

ಡಾಕ್ಟರ್ ಹೇಳಿದಾಂಗ ಅದು ತಾನ ನಿಂತು. ಮೂರನೇತ್ತಾಕ್ಕ ಹೋಗೂದ್ರಾಗ ಪೂರ್ತಿ ಹೋತು. ಅವತ್ತ ಬಿದ್ದ ಹೆಸರ ಹೋಗಲಿಲ್ಲ. ನಮ್ಮ ಮನಿಯವರು ಸಣ್ಣಾವನ್ನ ಕರ್ಕೊಂಡ ವರ್ಷಾ ವರ್ಷಾ ಆ ಪ್ರವಾಸಕ್ಕ ಹೋಗೂದ ಬಿಡಲಿಲ್ಲ. ನಾನೂ ಮಗಳೂ ಹೋಗಲಿಲ್ಲ. ಯಾರೂ ಯಾಕ ಅಂತ ಕೇಳಲಿಲ್ಲ, ಜಾಗಾ ಜಾಸ್ತಿ ಆತಂತ ಖುಷಿ ಆದ್ರು. ಒಂದ ಸಲ ಹಂಗ ಹೋಗಿ ಬಂದ ಮರುದಿನ, ಸಣ್ಣಾವ ಸೋಫಾದ ಮ್ಯಾಲ ಕಾಲ ಚಾಚಿ ಕುಂತು, ನಮ್ಮ ಮನ್ಯಾಗ, ನನ್ನ ಮುಂದ, ಸಹಜ ಅಂದ:

"ಏ ರಾಧಾನಗರಿ, ರಿಮೋಟ್ ಕೊಡ."

ಅವಗ ಅದರ ಅರ್ಥ ಗೊತ್ತಿದ್ದಿಲ್ಲ. ಅಲ್ಲೆ ಎಲ್ಲಾರೂ ತನ್ನ ಅಕ್ಕಗ ಹಂಗ ಅಂತಾರ, ಅದು ಅಕಿ ಹೆಸರ ಅಂತ ಮಾಡಿದ್ದ. ಉಣ್ಣಾಕತ್ತಿದ್ದ ನಮ್ಮ ಮನಿಯವರು ತಾಟಿನಾಗ ಮಾರಿ ಹಾಕಿ ನಕ್ರು. ಮತ್ತ ಮಗಳ ಏನ ಮಾಡಿದ್ಲು ಗೊತ್ತೇನ್ರಿ? ಎದ್ದ ಹೋಗಿ, ರಿಮೋಟ್ ತಂದ, ಅವನ ಕೈಯಾಗ ಕೊಟ್ಲು. ಕೊಟ್ಲ್ರಿ! ಅವಗ ಒಂದ ಹೊಡದಿದ್ರ ನನಗ ಅಷ್ಟ ಸಂಕಟ ಆಗ್ತಿದ್ದಿಲ್ಲ.

ಅವತ್ತ ನಾ ಬಾಯಿ ಬಿಟ್ಟ ಹೇಳಿದ್ನಿ: ಇನ್ನ ಮ್ಯಾಲ ನನ್ನ ಎರಡೂ ಹುಡುಗರು ಆ ಗಾಡಿ ಹತ್ತಂಗಿಲ್ಲ. ಭಾವನ ಫೋನ್ ಬಂತು, ಸಣ್ಣ ಮಾತಿಗಿ ಮನಿ ಒಡ್ಯಾಕತ್ತಿ ಅಂದ್ರು. ಒಡೀಲಿ ಅಂದ್ನಿ. ಅತ್ತಿ ಫೋನ್ ತಗೊಂಡು, "ಆ ಹಾಲ ಕೊಡಬಾರದಿತ್ತು" ಅಂದ್ರು. ಇಷ್ಟ ವರ್ಷದಾಗ ಅವರ ಪಶ್ಚಾತ್ತಾಪ ಅಂದ್ರ ಅದೊಂದು, ಅದೂ ಹಾಲಿನ ಬಗ್ಗೆ. ಅಂಗಳದ ಬಗ್ಗೆ ಅಲ್ಲ. ನಮ್ಮ ಮನಿಯವರು ಈಗೂ ಹೊಕ್ಕಾರ, ಒಬ್ಬರ.

ಮಗಳ ಈಗ ದೊಡ್ಡಾಕಿ ಆಗ್ಯಾಳ, ನನಗಿಂತ ಎತ್ತರ. ಇದನ್ನ ಹಾಕೂ ಮೊದಲ ಅಕಿಗಿ ಓದಿ ತೋರ್ಸಿದ್ನಿ. ಬ್ಯಾಡ ಅಂದ್ರ ಅಳಿಸಿ ಹಾಕ್ತೇನಿ ಅಂದ್ನಿ. ಫೋನ್ ಕೈಯಾಗ ತಗೊಂಡ ತಾನ ಇನ್ನೊಮ್ಮೆ ಓದಿದ್ಲು.

"ನಾ ಅತ್ತಿದ್ದೆ ಅಂತ ಎಲ್ಲೂ ಬರದಿಲ್ಲಲಾ?"

"ಇಲ್ಲ. ನೀ ಅತ್ತಿಲ್ಲಲಾ."

"ದಾದಾ ಓದ್ತಾನೇನ ಇದನ್ನ?"

"ಓದ್ತಾನ. ನನ್ನವೆಲ್ಲಾ ಓದ್ತಾನ ಅವಾ."

"ಓದ್ಲಿ," ಅಂದ್ಲು. "ಹಾಕ."

ಹಾಕೇನಿ ನೋಡ್ರಿ. ಈಗ ನಿಮ್ಮ ಸರತಿ. ಸಣ್ಣಾವರಿದ್ದಾಗ ನಿಮಗ ಮನಿ ಮಂದೀನ ಇಟ್ಟ ಹೆಸರ ಯಾವುದಿತ್ತು? ಯಾವ ಅಂಗಳದಾಗ ನಿಲ್ಲಿಸಿದ್ರು, ಯಾರ್ಯಾರ ನಕ್ಕಿದ್ರು, ಯಾರ ಬಾಯಿ ಮುಚ್ಕೊಂಡ ನಿಂತಿದ್ರು? ಕೆಳಗ ಬರೀರಿ, ಎಲ್ಲಾ ಓದ್ತೇನಿ. ಹುಡುಗರ ಹೆಸರ ಮಾತ್ರ ಹಾಕಬ್ಯಾಡ್ರಿ.